ಒಳಮಡಿಕೆಯಲ್ಲಿ ಮೂರು ಇರುವೆ

ನಾನು ಒಂದು ಬಟ್ಟೆಯ ಚೀಲ. ಸಂತೆಗೆ ಒಯ್ಯುವ ಚೀಲವಲ್ಲ, ಮಕ್ಕಳ ಪಾಟಿಚೀಲವೂ ಅಲ್ಲ. ಇರುವೆ ಹಿಡಿಯುವ ಚೀಲ. ಹಾಗೆಂದರೆ ಕೇಳಿದವರು ನಗುತ್ತಾರೆ. ನಗಲಿ, ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಧೈರ್ಯ ಬೇಕಾಗುತ್ತದೆ, ಅದು ನನ್ನಲ್ಲಿಲ್ಲ. ನಾನು ಹುಟ್ಟಾ ಪುಕ್ಕಲು. ಗಾಳಿಗೆ ಹೆದರುತ್ತೇನೆ, ಬೆಂಕಿಗೆ ಹೆದರುತ್ತೇನೆ, ಇಲಿಗೆ ಹೆದರುತ್ತೇನೆ. ಇರುವೆಗಳ ಮಾತಂತೂ ಕೇಳಲೇಬೇಡಿ. ಇಂಥ ನನ್ನೊಳಗೆ ಒಂದು ಕಾಡಿನ ಹಣೆಬರಹ ಸಿಕ್ಕಿಕೊಂಡಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಗುರುಪಾದಪ್ಪ ಸಿಂಪಿಗೇರ ಎಂಬ ದರ್ಜಿಯ ಅಂಗಡಿಯಲ್ಲಿ. ಅವರು ನಲವತ್ತು ವರ್ಷದಿಂದ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದವರು. ನನ್ನ ಮೊದಲ ನೆನಪೇ ಕತ್ತರಿ. ಬಿಳಿ ಬಟ್ಟೆಯ ತಾನಿನಲ್ಲಿ ಸುಖವಾಗಿ ಸುತ್ತಿಕೊಂಡು ಮಲಗಿದ್ದೆ. ಕರಕರ ಎಂದು ಕತ್ತರಿ ಬಂತು. ಆಮೇಲೆ ಸೂಜಿ ಬಂತು. ಆ ದಿನ ಶುರುವಾದ ನಡುಕ ಇವತ್ತಿಗೂ ಪೂರ್ತಿ ನಿಂತಿಲ್ಲ.

ನನ್ನನ್ನು ಹೊಲಿಯಲು ಹೇಳಿದವರು ಡಾ. ಕಸ್ತೂರಿ ಹಂಚಿನಮನಿ. ಊರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಇಡೀ ಜೀವನ ಇರುವೆಗಳ ಹಿಂದೆ ಬಿದ್ದವರು. ಕಾಗದದ ಮೇಲೆ ನನ್ನ ಚಿತ್ರ ಬರೆದು ತಂದಿದ್ದರು. ಮೇಲೆ ಅಗಲ, ಕೆಳಗೆ ಬರುಬರುತ್ತ ಚೂಪು, ತುದಿಯಲ್ಲಿ ಒಂದು ಬಟ್ಟಲು ಕಟ್ಟುವಷ್ಟು ಬಾಯಿ. ಅಂಥವು ಹನ್ನೆರಡು ಬೇಕಾಗಿದ್ದವು.

“ಇರಿವಿ ಹಿಡ್ಯಾಕ ಚೀಲ ಹೊಲಸ್ತೀರೇನ್ರಿ ಮೇಡಂ? ಒಂದ್ ತುಣುಕು ಬೆಲ್ಲ ಇಟ್ರ ತಾವ ಬರ್ತಾವಲ್ರಿ,” ಎಂದರು ಗುರುಪಾದಪ್ಪ.

“ಬೆಲ್ಲಕ್ಕ ಬರೂ ಇರಿವಿ ಬ್ಯಾರೆ, ನನಗ ಬೇಕಾದ ಇರಿವಿ ಬ್ಯಾರೆ ರೀ. ಅವು ತರಗೆಲಿ ಬುಡಕ ಅಡಗಿರ್ತಾವ,” ಎಂದರು ಮೇಡಂ.

ಮೂರನೆಯ ದಿನ ಚೀಲಗಳು ಸಿದ್ಧವಾದವು. ನಾನು ಕೊನೆಯದು. ನನ್ನನ್ನು ಹೊಲಿಯುವ ಹೊತ್ತಿಗೆ ಗುರುಪಾದಪ್ಪನವರಿಗೆ ಚಿತ್ರ ನೋಡುವ ಅಗತ್ಯವಿರಲಿಲ್ಲ, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಆ ಕೈಗೆ ಒಂದು ಹಳೆಯ ಅಭ್ಯಾಸ. ಬೆಳೆಯುವ ಮಕ್ಕಳ ಲಂಗ, ಚಡ್ಡಿ ಹೊಲಿಯುವಾಗ ಒಳಗಡೆ ನಾಲ್ಕು ಬೆರಳಷ್ಟು ಬಟ್ಟೆ ಮಡಚಿ, ದೂರ ದೂರ ಕಚ್ಚಾ ಹೊಲಿಗೆಯ ಟಾಕಿ ಹಾಕಿ ಬಿಟ್ಟಿರುತ್ತಾರಲ್ಲ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲಿಕ್ಕೆ? ಅದೇ ಮಡಿಕೆಯನ್ನು ನನ್ನ ಸೊಂಟಕ್ಕೂ ಹಾಕಿಬಿಟ್ಟರು. ಮೇಡಂ ಚೀಲಗಳನ್ನು ಒಯ್ಯಲು ಬಂದಾಗ ಹೇಳಿಯೂ ಹೇಳಿದರು.

“ಇದೊಂದಕ್ಕ ಒಳಗ ಮಡಿಕಿ ಬಿಟ್ಟೀನ್ರಿ. ನಾಳೆ ಸಣ್ಣದಾತು ಅಂದ್ರ ಬಿಚ್ಚಿ ಬಿಟ್ರ ಮುಗೀತು.”

“ಚೀಲ ಏನ್ ಬೆಳಿತದೇನ್ರಿ ಸಿಂಪಿಗೇರ?” ಎಂದು ಮೇಡಂ ನಕ್ಕರು.

“ಬೆಳಿಯೂದಿಲ್ರಿ. ಕೈಗೆ ರೂಢಿ ಬಿದ್ದೈತಿ, ಏನ್ ಮಾಡೂದು.”

ಇಬ್ಬರೂ ನಕ್ಕರು. ಮಡಿಕೆ ಹಾಗೇ ಉಳಿಯಿತು.

ನನ್ನ ಕೆಲಸ ಹೇಗೆಂದು ತಿಳಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಡಿನ ನೆಲದ ತರಗೆಲೆಯನ್ನು ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಒಂದು ಬಲೆಯ ಸಂಚಿಯಲ್ಲಿ ತುಂಬುತ್ತಾರೆ. ಆ ಸಂಚಿಯನ್ನು ನನ್ನೊಳಗೆ ಇಳಿಬಿಟ್ಟು, ನನ್ನ ಮೇಲಿನ ಬಾಯಿ ಕಟ್ಟಿ, ಹಗ್ಗಕ್ಕೆ ನೇತುಹಾಕುತ್ತಾರೆ. ಒಂದೆರಡು ದಿನದಲ್ಲಿ ಪುಡಿ ಒಣಗುತ್ತದೆ. ಅದರೊಳಗಿನ ಇರುವೆಗಳು ದಿಕ್ಕುತಪ್ಪಿ ಹೊರಗೆ ಬರುತ್ತವೆ, ನನ್ನ ಗೋಡೆ ಹಿಡಿಯಲು ನೋಡುತ್ತವೆ, ಜಾರಿ ಕೆಳಗಿನ ಸ್ಪಿರಿಟ್ ಬಟ್ಟಲಿಗೆ ಬೀಳುತ್ತವೆ. ಹೆದರಿದವರನ್ನು ಬೀಳಿಸುವುದು ನನ್ನ ಕಸುಬು. ನನ್ನಂಥ ಪುಕ್ಕಲನಿಗೆ ದೇವರು ಇದನ್ನೇ ಯಾಕೆ ಕೊಟ್ಟನೋ ತಿಳಿಯದು. ಪ್ರತಿ ಸಲ ಆ ಪುಟ್ಟ ಕಾಲುಗಳು ನನ್ನ ಮೈಮೇಲೆ ಹರಿದಾಡುವಾಗ ಅವುಗಳ ಜೊತೆ ನಾನೂ ಹೆದರುತ್ತಿದ್ದೆ.

ದೂರದ ಪ್ರಯಾಣಕ್ಕೆ ಮೊದಲು ಒಮ್ಮೆ ಪರೀಕ್ಷೆ ನಡೆಯಿತು. ಕಾಲೇಜಿನ ಹಿಂದೆ ಕಪ್ಪು ಎರೆಮಣ್ಣಿನ ನೆಲ, ಅಲ್ಲೊಂದು ಹಳೆಯ ಹುಣಸೆಮರ. ಅದರ ಬುಡದ ಕಸವನ್ನು ಜರಡಿ ಹಿಡಿದು ನನ್ನಲ್ಲಿ ತುಂಬಿದರು. ಇರುವೆಗಳು ಬಿದ್ದವು. ಮೂರು ಮಾತ್ರ ಬೀಳಲಿಲ್ಲ. ಎಳ್ಳಿನಷ್ಟು ಗಾತ್ರ, ಜೇನಿನ ಬಣ್ಣ, ಮುಖದ ಮುಂದೆ ಎರಡು ಉದ್ದನೆಯ ಕತ್ತರಿದವಡೆ. ಅವು ಹಟಮಾರಿಗಳು. ಕೆಳಗೆ ಹೋಗುವ ಬದಲು ಮೇಲೆ ಹತ್ತಿ, ಒಳಮಡಿಕೆಯ ಟಾಕಿಗಳ ನಡುವೆ ನುಸುಳಿ ಕೂತವು. ಎರಡು ದಿನ ಮಿಸುಕಾಡಿ ಅಲ್ಲೇ ಸತ್ತವು. ನಾನು ಉಗುಳಲಾರೆ, ಕೂಗಲಾರೆ. ಬಟ್ಟಲಿಗೆ ಬಿದ್ದವನ್ನು ಮೇಡಂ ನೋಡಲೂ ಇಲ್ಲ.

“ಹಿತ್ತಲದ ಇರಿವಿ, ಏನ್ ನೋಡೂದು,” ಎಂದು ಬಚ್ಚಲಿಗೆ ಚೆಲ್ಲಿದರು. ನನ್ನನ್ನು ತಿರುವಿ ಕೊಡವಿ, ಒಗೆದು ಒಣಹಾಕಿದರು. ಮಡಿಕೆ ಟಾಕಿ ಹಾಕಿ ಮುಚ್ಚಿತ್ತು. ಮೂರೂ ಒಳಗೇ ಉಳಿದವು.

ಆಮೇಲೆ ವಿಮಾನ. ಪೆಟ್ಟಿಗೆಯ ಕತ್ತಲೆಯಲ್ಲಿ ಹನ್ನೊಂದು ಜನ ಅಣ್ಣಂದಿರ ನಡುವೆ ಮುದುಡಿಕೊಂಡು ನಾನು ಹೋದದ್ದು ಸಿಯೆರಾ ಲಿಯೋನ್ ಎಂಬ ದೇಶಕ್ಕೆ. ಆಫ್ರಿಕದ ಪಶ್ಚಿಮ ಕಡಲಂಚಿನ ಪುಟ್ಟ ದೇಶ. ಅಲ್ಲಿಯ ಇರುವೆಗಳನ್ನು ಕೂತು ಎಣಿಸಿದವರು ಬಹಳ ಕಡಿಮೆ ಎಂದು ಮೇಡಂ ಹೇಳುತ್ತಿದ್ದರು. ರಾಜಧಾನಿಯಿಂದ ಎರಡು ದಿನ ಜೀಪಿನಲ್ಲಿ ಕುಲುಕಿ ಯೆಲೆಮಾ ಎಂಬ ಹಳ್ಳಿಗೆ ಬಂದೆವು. ಕೆಂಪು ಮಣ್ಣಿನ ದಾರಿ, ತಗಡಿನ ಮಾಡು, ಹಿಂದೆ ಒಂದು ಗುಡ್ಡ, ಗುಡ್ಡದ ತುಂಬ ಕಾಡು.

ದಾರಿ ತೋರಿಸಲು ಬಂದವರು ಬ್ರೀಮಾ ಕಲ್ಲೋನ್. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಹಿಂದೆ ಬೇಟೆಗಾರರಾಗಿದ್ದವರು. ಮೇಡಂಗೆ ಬ್ರೀಮಾ “ಮಾ” ಎನ್ನುತ್ತಿದ್ದರು. ಹಿರಿಯ ಹೆಂಗಸರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಮೊದಲ ದಿನವೇ ಗುಡ್ಡದ ಬುಡದ ಒರತೆ ತೋರಿಸಿ ಹೇಳಿದರು:

“ಮಾ, ಈ ಊರಿನ ನೀರೆಲ್ಲ ಇದೊಂದೇ. ಮೇಲೆ ಕಾಡಿದೆ, ಕೆಳಗೆ ನೀರಿದೆ. ನಮ್ಮ ಹಿರಿಯರನ್ನು ಮಣ್ಣು ಮಾಡಿದ್ದೂ ಆ ಮರಗಳ ಕೆಳಗೇ. ಈಗ ಒಂದು ಕಂಪನಿ ಬಂದಿದೆ. ಎಲ್ಲ ಕಡಿದು ಎಣ್ಣೆತಾಳೆ ನೆಡುತ್ತದಂತೆ.”

ರಾಜಧಾನಿಯಿಂದ ಒಂದು ಸಮಿತಿ ಬರುವುದಿತ್ತು. ಕಾಡು ಉಳಿಯಬೇಕೋ ಕಂಪನಿಗೆ ಹೋಗಬೇಕೋ ಅದು ತೀರ್ಮಾನಿಸುವುದಿತ್ತು. ಸಮಿತಿಯವರು ಮೊದಲೇ ಹೇಳಿ ಕಳಿಸಿದ್ದರು: ಬೇರೆಲ್ಲೂ ಇಲ್ಲದ ಜೀವ ಒಂದಾದರೂ ಇಲ್ಲಿದ್ದರೆ ತೋರಿಸಿ, ಉಳಿಸುತ್ತೇವೆ. ಅದಕ್ಕೇ ಹಳ್ಳಿಯವರು ಮೇಡಂ ದಾರಿ ಕಾಯುತ್ತಿದ್ದರು. ಇರುವೆ ಎಣಿಸಲು ಬಂದವರ ಹೆಗಲಿಗೆ ಒಂದು ಊರಿನ ನೀರೇ ಬಂದು ಕೂತಿತು.

ಹಳ್ಳಿಯ ಶಾಲೆಯ ಜಗಲಿಯಲ್ಲಿ ನಮ್ಮನ್ನು ಸಾಲಾಗಿ ನೇತುಹಾಕಿದರು. ಪ್ರತಿ ಬೆಳಿಗ್ಗೆ ಮೇಡಂ, ಬ್ರೀಮಾ ಜರಡಿ ಹಿಡಿದು ಗುಡ್ಡ ಹತ್ತುತ್ತಿದ್ದರು. ಮಧ್ಯಾಹ್ನ ಬಂದು ನಮ್ಮ ಹೊಟ್ಟೆ ತುಂಬುತ್ತಿದ್ದರು. ಅಲ್ಲಿಯ ಇರುವೆಗಳನ್ನು ಏನೆಂದು ಹೇಳಲಿ! ಮುಳ್ಳು ಹೊತ್ತವು, ಮೈಯೆಲ್ಲ ಕೂದಲಿನವು, ಕಣ್ಣೇ ಇಲ್ಲದವು. ಪ್ರತಿಯೊಂದೂ ನನ್ನ ಮೈಮೇಲೆ ಕಾಲಿಟ್ಟಾಗ ಜೀವ ಬಾಯಿಗೆ ಬರುತ್ತಿತ್ತು. ಮೇಡಂ ಮಾತ್ರ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ, ಪುಟ್ಟ ಬಾಟಲಿಯಲ್ಲಿಟ್ಟು, ಪೆನ್ಸಿಲ್‌ನಿಂದ ಚೀಟಿ ಬರೆದು ಹಾಕುತ್ತಿದ್ದರು. ಪೆನ್ನಾದರೆ ಮಸಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.

ಸಂಜೆ ಬ್ರೀಮಾ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು.

“ಇವತ್ತು, ಮಾ?”

“ಇವತ್ತು ಇನ್ನೂ ಒಂಬತ್ತು ಬಗೆ ಸಿಕ್ಕಿವೆ. ಆದರೆ ಎಲ್ಲ ಪಕ್ಕದ ದೇಶಗಳಲ್ಲೂ ಇರುವವೇ.”

ಬ್ರೀಮಾ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಹೀಗೆ ಮೂರು ವಾರ. ನೂರ ಹನ್ನೆರಡು ಬಗೆಯ ಇರುವೆ ಸಿಕ್ಕವು. ಬೇರೆಲ್ಲೂ ಇಲ್ಲದ್ದು ಎಂದು ಎದೆ ತಟ್ಟಿ ಹೇಳುವಂಥದ್ದು ಒಂದೂ ಇಲ್ಲ. ಸಮಿತಿ ಬರಲು ಆರು ದಿನ ಉಳಿದಿತ್ತು.

ಆಗ ನನ್ನ ಬಾಳಿನ ದೊಡ್ಡ ಭಯ ಬಂತು. ಮಧ್ಯಾಹ್ನ, ಮೋಡ ಕವಿದಿತ್ತು. ಶಾಲೆಯ ಹಿಂದಿನ ಹುಲ್ಲಿನೊಳಗಿಂದ ಕಪ್ಪು ಹಗ್ಗದಂಥದ್ದೊಂದು ಹೊರಟು ಬಂತು. ನೋಡುತ್ತಿದ್ದಂತೆ ಹಗ್ಗ ಅಗಲವಾಯಿತು, ಚಾಪೆಯಾಯಿತು, ಅಂಗಳವೆಲ್ಲ ಹರಡಿತು. ದಂಡು ಕಟ್ಟಿಕೊಂಡು ಬೇಟೆಗೆ ಹೊರಡುವ ಇರುವೆಗಳು. ಮಿಡತೆ, ಜಿರಳೆ, ಹಲ್ಲಿ ಎಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದವು, ಓಡಲಾರದವು ಕಪ್ಪಾಗಿ ಮುಚ್ಚಿಹೋಗುತ್ತಿದ್ದವು. ದಂಡು ಜಗಲಿಯ ಕಂಬ ಹತ್ತಿ ನಮ್ಮ ಹಗ್ಗಕ್ಕೇ ಬಂತು. ನನ್ನ ಪಕ್ಕದ ಚೀಲದ ತನಕ ಬಂದದ್ದನ್ನು ಕಣ್ಣಾರೆ ಕಂಡೆ.

“ಬೂದಿ! ಬಿಸಿ ಬೂದಿ ತನ್ನಿ!” ಎಂದು ಕೂಗುತ್ತ ಬ್ರೀಮಾ ಓಡಿ ಬಂದರು. ಕಾಲಿಗೆಲ್ಲ ಕಚ್ಚಿಕೊಂಡಿದ್ದವು. ಹೆಂಗಸರು ಒಲೆಯ ಬೂದಿ ತಂದು ಸುರಿದರು. ಬ್ರೀಮಾ ನಮ್ಮನ್ನು ಒಂದೊಂದಾಗಿ ಕಿತ್ತು, ಕಂಬಕ್ಕೆ ಬಡಿದು ಬಡಿದು ಕೊಡವಿ, ಅಂಗಳದ ಆಚೆಗೆ ಎಸೆದರು. ನನ್ನನ್ನೂ ಬಡಿದರು. ಆ ಬಡಿತಕ್ಕೆ ಒಳಮಡಿಕೆಯ ಒಂದು ಟಾಕಿ ಹರಿಯಿತು.

ದಂಡು ಒಂದು ಗಂಟೆಯಲ್ಲಿ ಹೋಯಿತು. ನಮ್ಮನ್ನು ಮತ್ತೆ ನೇತುಹಾಕಿ, ಹೊಸ ಪುಡಿ ತುಂಬಿ, ಬಟ್ಟಲು ಕಟ್ಟಿದರು. ಒಳಗೆ ಏನೋ ಜಾರಿದ್ದು ನನಗೆ ಗೊತ್ತಾಯಿತು. ಧಾರವಾಡದ ಮೂರರಲ್ಲಿ ಒಂದು ನನ್ನ ಗೋಡೆಗುಂಟ ಉರುಳಿ, ಸದ್ದಿಲ್ಲದೆ ಬಟ್ಟಲಿಗೆ ಬಿತ್ತು.

ಎರಡು ದಿನ ಕಳೆದು ಮೇಡಂ ಆ ಬಟ್ಟಲನ್ನು ಬಿಳಿ ತಟ್ಟೆಗೆ ಸುರಿದರು. ಭೂತಗನ್ನಡಿ ಹಿಡಿದವರು ಹಾಗೇ ನಿಂತುಬಿಟ್ಟರು. ತಂದಿದ್ದ ಪುಸ್ತಕಗಳನ್ನೆಲ್ಲ ತಿರುವಿದರು. ಮತ್ತೆ ನೋಡಿದರು.

“ಬ್ರೀಮಾ! ಬನ್ನಿ ಇಲ್ಲಿ. ಇದು ಯಾವ ಪುಸ್ತಕದಲ್ಲೂ ಇಲ್ಲ. ಯಾವ ದೇಶದ್ದರಲ್ಲೂ ಇಲ್ಲ.”

ಬ್ರೀಮಾ ಒಂದು ಕಣ್ಣು ಮುಚ್ಚಿ ಭೂತಗನ್ನಡಿಯೊಳಗೆ ಇಣುಕಿದರು. ಎಳ್ಳಿನಷ್ಟು ಇರುವೆ, ಜೇನಿನ ಬಣ್ಣ, ಕತ್ತರಿದವಡೆ. ಎದ್ದು ಹಳ್ಳಿಯೊಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಡೋಲು ಕೇಳಿಸಿತು. ಹೆಂಗಸರು ಹಾಡುತ್ತ ಬಂದು ಮೇಡಂ ಕೈಹಿಡಿದು ಕುಣಿಸಿದರು. ಮುದುಕರು ಬಂದು ತಟ್ಟೆಗೆ ಕೈಮುಗಿದ ಹಾಗೆ ನಿಂತರು.

ನಾನು ಹಗ್ಗದ ಮೇಲೆ ತಣ್ಣಗಾಗಿ ಹೋಗಿದ್ದೆ. ಹೇಳಬೇಕು, ಬಾಯಿಲ್ಲ. ಹೇಳಿದರೆ ಇವರ ಕುಣಿತ ನಿಂತುಹೋಗುತ್ತದೆ. ಹೇಳದಿದ್ದರೆ ಮೇಡಂ ಗತಿ ಏನು? ಅವರು ಸುಳ್ಳು ಹೇಳಿದವರಲ್ಲ. ಒಂದು ಕಾಲು ಮುರಿದ ಇರುವೆಯನ್ನೂ ಕಾಲು ಮುರಿದಿದೆ ಎಂದೇ ಬರೆಯುವವರು. ಅವರ ಹೆಸರು ಈಗ ನನ್ನ ಹೊಲಿಗೆಯೊಳಗೆ ಸಿಕ್ಕಿಬಿದ್ದಿತ್ತು.

ಒಂದೇ ಇರುವೆ ಸಾಲದು, ಇನ್ನೂ ಬೇಕು ಎಂದು ಮೇಡಂ ಮರುದಿನ ಅದೇ ಜಾಗಕ್ಕೆ ಹೋದರು. ಮೂರು ದಿನ ಆ ಗುಡ್ಡದ ಮಗ್ಗುಲನ್ನೆಲ್ಲ ಜರಡಿ ಹಿಡಿದರು. ಒಂದೂ ಸಿಗಲಿಲ್ಲ. ಸಮಿತಿ ಬರುವ ಹಿಂದಿನ ದಿನ, ಮಧ್ಯಾಹ್ನದ ಊಟ ಬಿಟ್ಟು ಆ ಒಂದನ್ನೇ ಮತ್ತೆ ತಟ್ಟೆಗೆ ಹಾಕಿ ನೋಡುತ್ತ ಕೂತರು. ನೋಡುತ್ತ ನೋಡುತ್ತ ಅವರ ಕಣ್ಣು ಅದರ ಕಾಲುಗಳ ಮೇಲೆ ನಿಂತಿತು. ಜೀವ ಇದ್ದಾಗ ಸ್ಪಿರಿಟ್ಟಿಗೆ ಬಿದ್ದ ಇರುವೆಯ ಕಾಲು ಮೆತ್ತಗೆ ಚಾಚಿಕೊಂಡಿರುತ್ತದೆ. ಇದರದು ಮಡಚಿ ಸೆಟೆದಿತ್ತು. ಹೊಟ್ಟೆ ಒಣಗಿ ಚಪ್ಪಟೆಯಾಗಿತ್ತು. ಸತ್ತು ಎಷ್ಟೋ ದಿನವಾದ ಮೇಲೆ ಬಿದ್ದ ಇರುವೆ ಇದು.

ಅವರು ನಿಧಾನವಾಗಿ ತಲೆಯೆತ್ತಿ ನನ್ನ ಕಡೆ ನೋಡಿದರು. ಆ ನೋಟ ಮರೆಯಲಾರೆ. ಎದ್ದು ಬಂದು ನನ್ನನ್ನು ಇಳಿಸಿ, ತಿರುವಿ ಹಾಕಿ, ಬೆರಳಿನಿಂದ ಹೊಲಿಗೆಗುಂಟ ತಡವುತ್ತ ಬಂದರು. ಹರಿದ ಟಾಕಿಯ ಹತ್ತಿರ ಬೆರಳು ನಿಂತಿತು. ಮಡಿಕೆಯನ್ನು ಬಿಡಿಸಿ ನೋಡಿದರು. ಉಳಿದ ಎರಡು ಇರುವೆ ಅಲ್ಲಿದ್ದವು, ಜೊತೆಗೆ ಚಿಟಿಕೆಯಷ್ಟು ಮಣ್ಣು. ಬೆರಳ ತುದಿಯಲ್ಲಿ ತಿಕ್ಕಿ ನೋಡಿದರು. ಕಪ್ಪು ಮಣ್ಣು. ಯೆಲೆಮಾದ ಗುಡ್ಡದಲ್ಲಿ ಕೆಂಪು ಬಿಟ್ಟರೆ ಬೇರೆ ಮಣ್ಣಿಲ್ಲ.

“ಅಯ್ಯೋ, ನಮ್ಮ ಎರಿ ಮಣ್ಣು,” ಎಂದು ನೆಲದ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಬ್ರೀಮಾ ಒರತೆಯ ನೀರು ಹಿಡಿದು ಬಂದರು. ಮೇಡಂ ಮುಚ್ಚಿಡಲಿಲ್ಲ, ಎಲ್ಲ ಹೇಳಿದರು. ಈ ಇರುವೆ ಹೊಸದೇ ನಿಜ, ಆದರೆ ಇಲ್ಲಿಯದಲ್ಲ. ತನ್ನ ಊರಿನ ಹುಣಸೆಮರದ್ದು. ತನ್ನ ಚೀಲದ ತಪ್ಪು, ತನ್ನ ಕಣ್ಣಿನ ತಪ್ಪು.

ಬ್ರೀಮಾ ನೀರಿನ ಕೊಡ ಹಿಡಿದುಕೊಂಡೇ ಕೇಳಿದರು.

“ನಾಳೆ ಏನು ಹೇಳುತ್ತೀರಿ, ಮಾ?”

“ನಿಜ ಹೇಳಬೇಕು, ಬ್ರೀಮಾ. ನೂರ ಹನ್ನೆರಡು ಬಗೆ ಇದೆಯಲ್ಲ, ಅದು ಕಡಿಮೆಯಲ್ಲ ಎಂದು ಹೇಳುತ್ತೇನೆ.”

“ಅವರಿಗೆ ನೂರ ಹನ್ನೆರಡು ಬೇಡ. ಬೇರೆಲ್ಲೂ ಇಲ್ಲದ್ದು ಒಂದು ಬೇಕು.” ಬ್ರೀಮಾ ಕೊಡವನ್ನು ಮೆಲ್ಲಗೆ ಕೆಳಗಿಟ್ಟರು. “ನನ್ನ ಹಳ್ಳಿಯೂ ಬೇರೆಲ್ಲೂ ಇಲ್ಲ. ಅದು ಅವರ ಲೆಕ್ಕಕ್ಕೆ ಬರುವುದಿಲ್ಲವಾ?”

ಮೇಡಂ ಎರಡು ಇರುವೆಯನ್ನೂ ಮಣ್ಣನ್ನೂ ಮಡಿಕೆಯೊಳಗೆ ಇದ್ದ ಹಾಗೇ ಇಟ್ಟು, ನನ್ನನ್ನು ಮತ್ತೆ ಹಗ್ಗಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಸಮಿತಿ ಬಂತು. ಮೂರು ಜನ, ಇಸ್ತ್ರಿ ಮಾಡಿದ ಅಂಗಿ. ಜಗಲಿಯಲ್ಲಿ ಬೆಂಚು ಹಾಕಿದರು, ಹಳ್ಳಿಯೆಲ್ಲ ಅಂಗಳದಲ್ಲಿ ಕೂತಿತು. ನಾನು ಅವರ ತಲೆಯ ಮೇಲೇ ತೂಗುತ್ತಿದ್ದೆ, ಎರಡು ಸತ್ತ ಇರುವೆ ಹೊತ್ತುಕೊಂಡು. ಯಾರಾದರೂ ತಲೆಯೆತ್ತಿ ಈ ಚೀಲ ಯಾವುದು ಎಂದು ಕೇಳಿದರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಸಮಿತಿಯ ಹಿರಿಯರು ಮೇಡಂ ಕಡೆ ತಿರುಗುವ ಮೊದಲೇ ಬ್ರೀಮಾ ಎದ್ದು ನಿಂತರು. ಆ ಇರುವೆಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು:

“ಈ ಇರುವೆ ಭೂಮಿಯ ಮೇಲೆ ಇನ್ನೆಲ್ಲೂ ಸಿಕ್ಕಿಲ್ಲ. ನಮ್ಮ ಕಾಡಿನಲ್ಲಿ ಸಿಕ್ಕಿದೆ.”

ಹಿರಿಯರು ಕೇಳಿದರು: “ಹೌದೇ, ಡಾಕ್ಟರ್?”

ಮೇಡಂ ಅಂಗಳದ ಕಡೆ ನೋಡಿದರು. ಮುದುಕರು, ಹೆಂಗಸರು, ಕಂಕುಳ ಕೂಸುಗಳು. ಆಮೇಲೆ ಹೂಂ ಎನ್ನುವ ಹಾಗೆ ತಲೆಯಾಡಿಸಿದರು. ಅವರ ಇಡೀ ಬದುಕಿನ ಮೊದಲ ಸುಳ್ಳು ಅದು.

ಕಾಡು ಉಳಿಯಿತು. ಕಂಪನಿ ಬೇರೆ ಕಡೆ ಹೋಯಿತು. ಇರುವೆಗೆ ಯೆಲೆಮಾದ ಹೆಸರನ್ನೇ ಇಟ್ಟು ಮೇಡಂ ಪ್ರಬಂಧ ಬರೆದರು. ಸನ್ಮಾನಗಳಾದವು, ಶಾಲುಗಳು ಬಂದವು. ಧಾರವಾಡಕ್ಕೆ ಮರಳಿದ ಮೇಲೆ ಹನ್ನೊಂದು ಚೀಲಗಳನ್ನು ಒಗೆದು ಮಡಚಿದರು. ನನ್ನನ್ನು ಒಗೆಯಲಿಲ್ಲ. ಸುಟ್ಟುಬಿಡುತ್ತಾರೆ ಎಂದುಕೊಂಡೆ, ಸುಡಲೂ ಇಲ್ಲ. ಹಾಗೇ ಸುತ್ತಿ, ಕಾಲೇಜಿನ ತಮ್ಮ ಕೋಣೆಯ ಕಬ್ಬಿಣದ ಬೀರುವಿನ ತಳದಲ್ಲಿಟ್ಟು ಬೀಗ ಹಾಕಿದರು.

ಒಂಬತ್ತು ವರ್ಷ ಆ ಕತ್ತಲೆಯಲ್ಲಿದ್ದೆ. ಬೀಗದ ಸದ್ದಾದರೆ ಸಾಕು, ನೂಲು ನೂಲೂ ನಡುಗುತ್ತಿತ್ತು. ಯಾರೋ ಬಂದರು, ತೆರೆಯುತ್ತಾರೆ, ಮಡಿಕೆ ಬಿಚ್ಚುತ್ತಾರೆ! ಮೇಡಂ ಕೂಡ ಹೆದರಿಕೊಂಡೇ ಬದುಕುತ್ತಿದ್ದರು, ಅದು ಬೀರುವಿನ ಸಂದಿಯಿಂದ ಕೇಳಿಸುವ ಮಾತಿನಲ್ಲೇ ತಿಳಿಯುತ್ತಿತ್ತು. ವಿದ್ಯಾರ್ಥಿಗಳು ಕಾಲೇಜಿನ ಆವರಣದ ಇರುವೆ ನೋಡುತ್ತೇವೆ ಎಂದರೆ ಬೇಡ, ದೂರ ಎಲ್ಲಾದರೂ ಹೋಗಿ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಬ್ರೀಮಾ ಫೋನು ಮಾಡುತ್ತಿದ್ದರು. ಕಾಡಿದೆ, ಒರತೆ ತುಂಬಿದೆ, ಮಗಳಿಗೆ ಮಗು ಹುಟ್ಟಿದೆ. ಆ ಒಂದು ದಿನ ಮಾತ್ರ ಮೇಡಂ ನಕ್ಕದ್ದು ಕೇಳಿಸುತ್ತಿತ್ತು.

ಮೇಡಂ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಶಬಾನಾ ನದಾಫ್ ಎಂಬ ಸಂಶೋಧನಾ ವಿದ್ಯಾರ್ಥಿನಿ, ಯಾರನ್ನೂ ಕೇಳದೆ ಹುಣಸೆಮರದ ಬುಡದಲ್ಲಿ ಜರಡಿ ಹಿಡಿದಿದ್ದಳು. ಒಂದು ದಿನ ಏದುಸಿರು ಬಿಡುತ್ತ ಓಡಿ ಬಂದಳು.

“ಮೇಡಂ, ನೋಡ್ರಿ! ನಿಮ್ಮ ಯೆಲೆಮಾ ಇರಿವಿ ರೀ! ನಮ್ಮ ಹುಣಸಿ ಗಿಡದ ಬುಡಕ ಸಿಕ್ಕಾವ, ಜೀವಂತ ಅದಾವ!”

ಶಬಾನಾ ನಿಲ್ಲಿಸದೆ ಮುಂದುವರಿಸಿದಳು.

“ನನಗ ಅನಸ್ತೈತಿ ಮೇಡಂ, ಆಫ್ರಿಕಾದಿಂದ ನಿಮ್ಮ ಸಾಮಾನಿನ ಜೋಡಿ ಬಂದಾವ. ಹೊರಗಿನ ಇರಿವಿ ಹಿಂಗ ಹೊಕ್ರ ನಮ್ಮ ಇರಿವಿಗೆ ಕುತ್ತು ಅಂತ ನೀವ ಕಲಿಸೀರಲ್ರಿ. ಪ್ರಿನ್ಸಿಪಾಲರಿಗೆ ಹೇಳಿ ಬಂದೆ. ಸೋಮವಾರ ಗಿಡ ಕಡಿಸಿ ಬುಡಕ್ಕ ಔಷಧ ಹೊಡಸ್ತಾರಂತ.”

ಅವಳು ಮಾಡಿದ್ದು ಸರಿಯೇ. ಪ್ರಬಂಧದಲ್ಲಿ ಇರುವೆಯ ಮನೆ ಯೆಲೆಮಾ ಎಂದಿದೆ. ಅಲ್ಲಿ ಒಂದೂ ಇಲ್ಲ, ಕಾಗದದ ಮೇಲೆ ಮಾತ್ರ ಕ್ಷೇಮವಾಗಿವೆ. ಇಲ್ಲಿ, ತಮ್ಮ ಸ್ವಂತ ಮರದ ಬುಡದಲ್ಲಿ, ಅವು ಹೊರಗಿನಿಂದ ನುಗ್ಗಿದ ಕಳ್ಳರು. ಸೋಮವಾರ ಆ ಮರ ಹೋದರೆ ಭೂಮಿಯ ಮೇಲೆ ಅವುಗಳಿಗೆ ಬೇರೆ ಮನೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿಜ ಹೇಳಿದರೆ ಯೆಲೆಮಾ ಹೋಗುತ್ತದೆ. ಬೀರುವಿನ ಒಳಗೆ ನಾನು ಎರಡು ಕಡೆಯ ಭಯವನ್ನೂ ಒಟ್ಟಿಗೆ ಅನುಭವಿಸಿದೆ.

ಮೇಡಂ ಶಬಾನಾಳನ್ನು ಹೊರಗೆ ಕೂರಲು ಹೇಳಿ ಬ್ರೀಮಾಗೆ ಫೋನು ಹಚ್ಚಿದರು. ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿದ್ದರು. ಇರುವ ವಿಷಯವನ್ನೆಲ್ಲ ಹೇಳಿ, ಏನು ಮಾಡಲಿ ಎಂದು ಕೇಳಿದರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಯಾರೋ ನೀರು ಸೇದುವ ಸದ್ದು, ಮಕ್ಕಳ ಗಲಾಟೆ.

“ಒಂಬತ್ತು ವರ್ಷ ಆ ಇರುವೆ ನಮ್ಮ ಕಾಡು ಕಾದಿದೆ, ಮಾ,” ಎಂದರು ಬ್ರೀಮಾ ಕೊನೆಗೆ. “ಈಗ ಅದರ ಮನೆ ಕಡಿಯುವಾಗ ನಾವು ಸುಮ್ಮನೆ ಕೂತರೆ, ಒರತೆಯ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಹೇಳಿಬಿಡಿ.”

ಬೀಗ ತೆಗೆದ ಸದ್ದಾಯಿತು. ಬೆಳಕು ಕಣ್ಣಿಗೆ ಚುಚ್ಚಿತು. ಮೇಡಂ ನನ್ನನ್ನು ಎತ್ತಿ ಮೇಜಿನ ಮೇಲೆ ಹರಡಿ, ಶಬಾನಾಳನ್ನು ಒಳಗೆ ಕರೆದು ಅವಳ ಕೈಗೆ ಒಂದು ಪುಟ್ಟ ಕತ್ತರಿ ಕೊಟ್ಟರು.

“ಈ ಒಳಮಡಿಕಿ ಟಾಕಿ ಬಿಚ್ಚವಾ. ಒಳಗ ಏನದ ನೋಡು. ಆಮ್ಯಾಲೆ ನಿನ್ನ ವಹಿಯೊಳಗ ಇದ್ದದ್ದು ಇದ್ದಂಗ ಬರಿ. ನನ್ನ ಹೆಸರೂ ಬರಿ.”

ಕತ್ತರಿ ನನ್ನ ಮೇಲೆ ಬಂತು. ಹೆದರಿದೆ, ಆದರೆ ಮೇಡಂ ಕೈ ನನ್ನ ಮೇಲೆಯೇ ಇತ್ತು. ಎರಡು ಇರುವೆ, ಚಿಟಿಕೆ ಕಪ್ಪು ಮಣ್ಣು ಬಿಳಿ ಕಾಗದದ ಮೇಲೆ ಬಿದ್ದವು. ಶಬಾನಾ ನೋಡಿದಳು, ಮೇಡಂ ಮುಖ ನೋಡಿದಳು, ಅಳತೊಡಗಿದಳು.

ಮರ ಉಳಿಯಿತು. ಅದರ ಸುತ್ತ ಈಗ ತಂತಿಬೇಲಿ ಇದೆ. ಮೇಡಂ ಪ್ರಬಂಧವನ್ನು ಹಿಂದಕ್ಕೆ ಪಡೆದರು. ನಿವೃತ್ತಿಯ ಸಮಾರಂಭ ನಡೆಯಲಿಲ್ಲ. ಎದುರಿಗೆ ಸಿಕ್ಕರೆ ಮೈಮೇಲೆ ಬಿದ್ದು ನಮಸ್ಕಾರ ಮಾಡುತ್ತಿದ್ದವರು ರಸ್ತೆಯ ಆಚೆ ಬದಿ ಹಿಡಿದರು. ಶಬಾನಾ ಮಾತ್ರ ಅವರನ್ನು ವಾರಕ್ಕೊಮ್ಮೆ ಕಾಲೇಜಿಗೆ ಕರೆತಂದು ತನ್ನ ಮೇಜಿನ ಪಕ್ಕ ಕೂರಿಸುತ್ತಾಳೆ. ನನ್ನನ್ನು ಅದೇ ಕೋಣೆಯ ಕಿಟಕಿಯ ಮೊಳೆಗೆ ತೂಗುಹಾಕಿದ್ದಾಳೆ. ನಾನು ಈಗ ಮುದಿ. ಬಟ್ಟೆ ಹಳದಿಯಾಗಿದೆ, ಮಡಿಕೆ ಬಿಚ್ಚಿದ ಕಡೆ ನಾಲ್ಕು ಬೆರಳಗಲ ಮಾತ್ರ ಬೆಳ್ಳಗಿದೆ.

ಹೋದ ವಾರ ಮೇಡಂ ಇಲ್ಲೇ ಇದ್ದಾಗ ಬ್ರೀಮಾ ಫೋನು ಬಂತು.

“ಕಂಪನಿಯವರು ಕಡಿದರು, ಮಾ. ಮೇಲಿನ ಗುಡ್ಡದಿಂದ ಶುರು ಮಾಡಿ ಕೆಳಗಿನ ತನಕ. ನಿನ್ನೆ ಮುಗಿಯಿತು. ಒರತೆಯಲ್ಲಿ ಕೆಸರು ಬರುತ್ತಿದೆ.”

ಮೇಡಂ ಮೇಜಿನ ಅಂಚು ಹಿಡಿದುಕೊಂಡರು. ಶಬಾನಾ ಎದ್ದು ಅವರ ಪಕ್ಕ ನಿಂತಳು.

“ನಿಮ್ಮ ಮರ ಇದೆಯಾ?” ಎಂದು ಬ್ರೀಮಾ ಕೇಳಿದರು.

“ಇದೆ, ಬ್ರೀಮಾ.”

“ಇರುವೆ?”

“ಇವೆ.”

“ಅದರ ಹೆಸರು ಬದಲಾಯಿಸಿದರಾ? ಅದು ನಮ್ಮೂರದ್ದಲ್ಲವಲ್ಲ.”

“ಇಲ್ಲ. ಜೀವಿಗೆ ಒಮ್ಮೆ ಇಟ್ಟ ಹೆಸರು ತಪ್ಪಾದರೂ ಬದಲಾಯಿಸುವ ಹಾಗಿಲ್ಲ. ನಿಯಮ ಹಾಗಿದೆ. ಇನ್ನು ಎಷ್ಟು ವರ್ಷ ಹೋದರೂ ಅದು ಯೆಲೆಮಾದ ಇರುವೆಯೇ.”

ಈ ಸಲ ಆ ಕಡೆಯಿಂದ ನೀರು ಸೇದುವ ಸದ್ದು ಕೇಳಿಸಲಿಲ್ಲ.

“ಹಾಗಾದರೆ ನಮ್ಮ ಕಾಡಿನ ಹೆಸರಾದರೂ ಒಂದು ಮರದ ಕೆಳಗೆ ಓಡಾಡಿಕೊಂಡಿದೆ,” ಎಂದರು ಬ್ರೀಮಾ. “ಅದಕ್ಕೆ ನೆರಳು ಚೆನ್ನಾಗಿದೆಯಾ, ಮಾ?”

“ಚೆನ್ನಾಗಿದೆ,” ಎಂದರು ಮೇಡಂ. ಫೋನು ಇಟ್ಟ ಮೇಲೆ ಬಹಳ ಹೊತ್ತು ಅತ್ತರು.

ನಾನು ಮೊಳೆಯ ಮೇಲಿಂದ ನೋಡುತ್ತಿದ್ದೆ. ಹೆದರಿಕೆ ಎಲ್ಲಿದೆ ಎಂದು ಹುಡುಕಿದೆ, ಇರಲಿಲ್ಲ. ಆಗಬಾರದ್ದು ಆಗಿಹೋಗಿತ್ತು, ಇನ್ನು ಹೆದರುವುದು ಯಾತಕ್ಕೆ? ಆ ಜಾಗದಲ್ಲಿ ದುಃಖ ಬಂದು ಕೂತಿದೆ. ಇಷ್ಟು ವರ್ಷ ಭಯವನ್ನು ಬೈದುಕೊಂಡು ಬದುಕಿದವನು ನಾನು. ಭಯ ಇದ್ದಷ್ಟು ದಿನ ಆ ಕಾಡೂ ಇತ್ತು ಎಂದು ಈಗ ತಿಳಿಯುತ್ತಿದೆ.